ಭಯವೂ ಶೋಧನೆಯೂ

ಕನ್ನಡ ಸತ್ಯವೇದವನ್ನು ಓದಿದವರ ಗಮನಕ್ಕೆ ಅದರಲ್ಲಿಯ ಒಂದು ಪದಪ್ರಯೋಗವು ಬಂದಿರಬಹುದು. ಮನುಷ್ಯನನ್ನು ಧರ್ಮಮಾರ್ಗದಿಂದ ಆಚೆಗೆ ಎಳೆದೊಯ್ಯುವ ಆಕರ್ಷಣೆಗೆ ಅಲ್ಲಿ ಬಹುಮಟ್ಟಿಗೆ ಬಳಸಿರುವ ಮಾತು 'ಪ್ರಲೋಭನೆ'ಯಲ್ಲ, 'ಶೋಧನೆ'. ಕ್ರೈಸ್ತರು ನಿತ್ಯವೂ ಹೇಳುವ ಕರ್ತನ ಪ್ರಾರ್ಥನೆಯಲ್ಲಿಯೂ ಇರುವುದು ಇದೇ ಪದ. 'ಶುಧ್' ಎಂಬ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಶುದ್ಧಿಮಾಡುವುದೆಂದು ಮೂಲಾರ್ಥ. ರಸವೈದ್ಯನು ಲೋಹದ ದೋಷವನ್ನು ಕಳೆಯುವುದು ಶೋಧನೆ. ರೋಗಿಯ ದೇಹದಲ್ಲಿ ಸೇರಿದ ಮಲವನ್ನು ಹೊರಡಿಸುವುದು ಶೋಧನೆ. ಲೋಕರೂಢಿಯಲ್ಲಿ ಮರೆಯಾದುದನ್ನು ಹುಡುಕಿ ತೆಗೆಯುವುದೂ ಶೋಧನೆಯೇ. ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಈ ಸ್ಥಾನದಲ್ಲಿರುವ 'ಪೈರಾಸ್ಮೋಸ್' ಎಂಬ ಪದಕ್ಕೆ ಪರೀಕ್ಷೆ, ಪ್ರಲೋಭನೆ ಎಂಬ ಎರಡು ಅರ್ಥಗಳೂ ಉಂಟು. ಆದುದರಿಂದ ಭಾಷಾಂತರಕಾರರು ಆರಿಸಿದ ಪದವು ಉಚಿತವಾದುದೆಂದೇ ಹೇಳಬೇಕು. ಮನುಷ್ಯನ ಒಳಗೆ ಏನಿದೆಯೆಂಬುದು ಹೊರಬೀಳುವ ಸಮಯವೇ ಶೋಧನೆಯ ಸಮಯ.

ಶೋಧನೆ ಬೇರೆ, ಭಯ ಬೇರೆ ಎಂದು ಸಾಮಾನ್ಯವಾಗಿ ಭಾವಿಸುವುದುಂಟು. ಒಂದು ಎಳೆಯುತ್ತದೆ, ಮತ್ತೊಂದು ತಳ್ಳುತ್ತದೆ. ಆದರೆ ಸ್ವಲ್ಪ ವಿಚಾರಿಸಿ ನೋಡಿದರೆ ಇವೆರಡೂ ಕೂಡಿಯೇ ಕೆಲಸಮಾಡುವುದು ಕಾಣುತ್ತದೆ. ಧನದ ಆಸೆಯ ಹಿಂದೆ ದಾರಿದ್ರ್ಯದ ಭಯವಿರುತ್ತದೆ; ಪ್ರಭುಗಳ ಮುಂದೆ ಇಚ್ಚಕದ ಮಾತನ್ನಾಡುವವನ ಹಿಂದೆ ಸ್ಥಾನವನ್ನು ಕಳೆದುಕೊಳ್ಳುವ ಭಯವಿರುತ್ತದೆ. ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀಸಂಪತ್ತಿನ ಗುಣಗಳನ್ನು ಎಣಿಸುವಾಗ ಅಭಯವನ್ನೇ ಮೊದಲನೆಯದಾಗಿ ಇಟ್ಟಿರುವುದು ಸುಮ್ಮನೆ ಅಲ್ಲ. ಅಂಜುವವನಿಂದ ಸತ್ಯವಾಗಲಿ ದಾನವಾಗಲಿ ಬಹುಕಾಲ ನಡೆಯಲಾರದು. ಆದರೆ ಅಭಯವು ಹುಟ್ಟಿನಿಂದಲೇ ಬಂದವರು ಎಷ್ಟು ಮಂದಿ? ಅದು ಬಾರದವರು ಏನು ಮಾಡಬೇಕು? ಈ ಪ್ರಶ್ನೆಗೆ ಕ್ರೈಸ್ತಶ್ರದ್ಧೆಯು ಕೊಡುವ ಉತ್ತರವನ್ನು ಅದರ ಗ್ರಂಥಗಳಿಂದ ತಿಳಿಯುವುದಕ್ಕಿಂತ ಒಬ್ಬ ಮನುಷ್ಯನ ಜೀವಿತದಿಂದ ತಿಳಿಯುವುದು ಸುಲಭ. ಜರ್ಮನಿಯ ಡೀಟ್ರಿಷ್ ಬೊನ್‌ಹೋಫರ್ ಎಂಬಾತನ ಚರಿತ್ರವು ಇದಕ್ಕೆ ಯೋಗ್ಯವಾದ ನಿದರ್ಶನ.

ಬೊನ್‌ಹೋಫರನು 1906ನೆಯ ಇಸವಿ ಫೆಬ್ರವರಿ 4ರಂದು ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲೌ ನಗರದಲ್ಲಿ ಹುಟ್ಟಿದನು. ತಂದೆಯು ಮನೋರೋಗಗಳ ವೈದ್ಯದಲ್ಲಿ ಹೆಸರುಗೊಂಡ ಪ್ರಾಧ್ಯಾಪಕನು. ಮನೆಯಲ್ಲಿ ಎಂಟು ಮಕ್ಕಳು. ವಿದ್ಯೆ, ಸಂಗೀತ, ಮಿತಭಾಷಣ ಇವು ಆ ಮನೆಯ ರೂಢಿ. ದೇವಾಲಯಕ್ಕೆ ಹೋಗುವ ಅಭ್ಯಾಸವು ಅಷ್ಟಾಗಿ ಇರಲಿಲ್ಲ. 1918ರಲ್ಲಿ ಅಣ್ಣನಾದ ವಾಲ್ಟರನು ಯುದ್ಧದಲ್ಲಿ ಮಡಿದನು. ಈತನೂ ಅವಳಿ ತಂಗಿ ಸಬೀನೆಯೂ ಚಿಕ್ಕಂದಿನಲ್ಲಿ ರಾತ್ರಿ ಹಾಸಿಗೆಯ ಮೇಲೆ ಮಲಗಿ ಮರಣವೆಂದರೇನು, ಅನಂತವೆಂದರೇನು ಎಂದು ಯೋಚಿಸುತ್ತಿದ್ದರೆಂದು ಆಕೆಯು ಮುಂದೆ ಬರೆದಿದ್ದಾಳೆ. ಇಂತಹ ಹುಡುಗನು ದೇವಜ್ಞಾನಶಾಸ್ತ್ರವನ್ನು ಓದಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಪಂಡಿತಪದವಿಯನ್ನು ಪಡೆದು, ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕನೂ ಲೂಥರನ ಸಂಪ್ರದಾಯದ ಸಭಾಪಾಲಕನೂ ಆದನು.

1933ನೆಯ ಜನವರಿ 15ರಂದು ಆತನು ಬರ್ಲಿನ್ನಿನಲ್ಲಿ ಭಯವನ್ನು ಕುರಿತು ಒಂದು ಪ್ರಸಂಗವನ್ನು ಮಾಡಿದನು. ಗಲಿಲಾಯ ಸಮುದ್ರದಲ್ಲಿ ಬಿರುಗಾಳಿಯೆದ್ದು ಶಿಷ್ಯರು ಕಂಗೆಟ್ಟಿರಲು ಯೇಸುವು ದೋಣಿಯಲ್ಲಿ ನಿದ್ರಿಸುತ್ತಿದ್ದ ಕಥೆಯೇ ಅಂದಿನ ಪಾಠ. ಅದಾದ ಹದಿನೈದು ದಿನಗಳಿಗೆ, ಜನವರಿ 30ರಂದು, ಹಿಟ್ಲರನು ಜರ್ಮನಿಯ ಪ್ರಧಾನಾಧಿಕಾರಿಯಾದನು. ಆ ಆಳಿಕೆಗೆ ಭಯ, ಪ್ರಲೋಭನೆ ಇವೆರಡೇ ಎರಡು ಕೈಗಳಂತಿದ್ದುವು. ಒಪ್ಪಿದವರಿಗೆ ಪದವಿ, ಒಪ್ಪದವರಿಗೆ ಸೆರೆ. ಯೆಹೂದ್ಯರ ಅಂಗಡಿಗಳಲ್ಲಿ ಯಾರೂ ವ್ಯಾಪಾರಮಾಡಕೂಡದೆಂದು ಅದೇ ವರ್ಷದ ಏಪ್ರಿಲ್ 1ರಂದು ಬಾಗಿಲುಗಳಲ್ಲಿ ಸಮವಸ್ತ್ರದ ಪಡೆಯವರನ್ನು ನಿಲ್ಲಿಸಿದಾಗ, ತೊಂಬತ್ತು ವರ್ಷ ದಾಟಿದ್ದ ಬೊನ್‌ಹೋಫರನ ಅಜ್ಜಿಯು ಆ ಸಾಲಿನ ನಡುವೆ ನಡೆದುಹೋಗಿ ತನಗೆ ಬೇಕಾದುದನ್ನು ಕೊಂಡು ಹಿಂದಿರುಗಿದಳು. ಎಲ್ಲರಿಗೂ ಅಜ್ಜಿಯ ಆ ಧೈರ್ಯವಿರಲಿಲ್ಲ. ಕ್ರೈಸ್ತಸಭೆಯೊಳಗೂ ಯೆಹೂದ್ಯವಂಶದವರಿಗೆ ಸ್ಥಾನವಿಲ್ಲವೆಂಬ ನಿಯಮವನ್ನು ತರಲು ಹವಣಿಸಿದಾಗ ಬಹುಮಂದಿ ಬೋಧಕರು ಸುಮ್ಮನಾದರು. ಬೊನ್‌ಹೋಫರನು ಅದನ್ನು ವಿರೋಧಿಸಿದವರ ಪಕ್ಷವನ್ನು ಸೇರಿದನು.

ಈ ಕಾಲದಲ್ಲಿ ಆತನ ದೃಷ್ಟಿಯು ಭಾರತದ ಕಡೆಗೂ ಹರಿಯಿತು. ಲಂಡನ್ನಿನಲ್ಲಿದ್ದ ಜರ್ಮನ್ ಸಭೆಗಳ ಪಾಲಕನಾಗಿದ್ದಾಗ, ಹಿಂಸೆಯಿಲ್ಲದೆ ಅನ್ಯಾಯವನ್ನು ಎದುರಿಸುವ ವಿಧಾನವನ್ನು ಮಹಾತ್ಮ ಗಾಂಧಿಯವರ ಬಳಿಯಲ್ಲಿದ್ದು ಕಲಿಯಬೇಕೆಂದು ಅಪೇಕ್ಷಿಸಿ 1934ರಲ್ಲಿ ಅವರಿಗೆ ಕಾಗದ ಬರೆದನು. ತಾನು ಸೆರೆಮನೆಯ ಹೊರಗಿದ್ದರೆ ಬಂದು ತನ್ನೊಡನೆ ಇರಬಹುದೆಂದು ಗಾಂಧಿಯವರು ಅದೇ ವರ್ಷದ ನವಂಬರಿನಲ್ಲಿ ಉತ್ತರವಿತ್ತರು. ಆದರೆ ಸರಕಾರಕ್ಕೆ ತಲೆಬಾಗದ ಸಭೆಯವರು ಬೋಧಕರಾಗುವ ತರುಣರಿಗಾಗಿ ಒಂದು ವಿದ್ಯಾಶಾಲೆಯನ್ನು ತೆರೆದು ಅದರ ಭಾರವನ್ನು ಆತನಿಗೆ ಒಪ್ಪಿಸಿದುದರಿಂದ ಪ್ರಯಾಣವು ನಿಂತುಹೋಯಿತು.

ಫಿಂಕೆನ್ವಾಲ್ಡೆ ಎಂಬಲ್ಲಿ ನೆಲೆಗೊಂಡ ಆ ಶಾಲೆಯ ಕ್ರಮವು ನಮ್ಮ ಗುರುಕುಲಗಳ ನೆನಪನ್ನು ತರುವಂತಹುದು. ಮುಂಜಾನೆ ಯಾರೊಡನೆಯೂ ಮಾತನಾಡುವ ಮುನ್ನ ಪ್ರಾರ್ಥನೆ, ಕೀರ್ತನೆಗಳ ಪಠನ, ಸತ್ಯವೇದದ ಒಂದು ಚಿಕ್ಕ ಭಾಗವನ್ನಿಟ್ಟುಕೊಂಡು ಅರ್ಧಗಂಟೆಯ ಮೌನಧ್ಯಾನ. ಒಂದೇ ಭಾಗವನ್ನು ವಾರವೆಲ್ಲಾ ಧ್ಯಾನಿಸಬೇಕಾಗಿತ್ತು. ತರುಣರಿಗೆ ಮೊದಮೊದಲು ಇದು ಬೇಸರದ ವಿಷಯವೇ ಆಯಿತು. ಮನಸ್ಸು ಅಲೆಯುತ್ತದೆಂದು ದೂರಿದರು. ಆದರೂ ಆತನು ಅದನ್ನು ಬಿಡಗೊಡಲಿಲ್ಲ. ಶ್ರದ್ಧೆಯು ಆವೇಶವಲ್ಲ, ಅನುಷ್ಠಾನ ಎಂಬುದು ಆತನಿಗೆ ಗೊತ್ತಿತ್ತು. 1937ರಲ್ಲಿ ರಹಸ್ಯ ಪೋಲೀಸಿನವರು ಆ ಶಾಲೆಯನ್ನು ಮುಚ್ಚಿಸಿದರು.

ಮರುವರ್ಷ ಜೂನ್ ತಿಂಗಳಲ್ಲಿ ಹಳೆಯ ವಿದ್ಯಾರ್ಥಿಗಳು ಒಂದೆಡೆ ಕೂಡಿದಾಗ, ಮೇಲೆ ಹೇಳಿದ ಕರ್ತನ ಪ್ರಾರ್ಥನೆಯ ಬೇಡಿಕೆಯನ್ನೇ ಹಿಡಿದು ಆತನು ಶೋಧನೆಯ ವಿಷಯವಾಗಿ ಪಾಠ ಹೇಳಿದನು. ಶೋಧನೆಯ ಗಳಿಗೆಯಲ್ಲಿ ಮನುಷ್ಯನು ದೇವರನ್ನು ದ್ವೇಷಿಸುವುದಿಲ್ಲ, ಮರೆಯುತ್ತಾನೆ ಎಂಬುದು ಅದರಲ್ಲಿಯ ಒಂದು ಸೂಕ್ಷ್ಮವಾದ ವಿಚಾರ. ಆಸೆಯು ಯಾವುದಾದರೂ ಆಗಲಿ, ಅದು ಎದ್ದ ಕ್ಷಣದಲ್ಲಿ ಕಣ್ಣಿಗೆ ಕಾಣುವ ಆ ವಸ್ತುವೊಂದೇ ನಿಜವಾಗಿ ಉಳಿದುದೆಲ್ಲವೂ ಮಸುಕಾಗುತ್ತದೆ. ಆಗ ಮನುಷ್ಯನ ಸ್ವಂತ ಬಲವೆಲ್ಲವೂ ಅವನನ್ನು ಬಿಟ್ಟು ಶತ್ರುವಿನ ಕಡೆ ಸೇರಿರುತ್ತದೆ. ಬುದ್ಧಿಯು ಕೂಡ ತಪ್ಪಿಗೆ ಸಮರ್ಥನೆಯನ್ನೇ ಹುಡುಕುತ್ತಿರುತ್ತದೆ. ಆದುದರಿಂದ ತನ್ನ ಬಲದಿಂದ ಗೆಲ್ಲುವೆನೆಂಬವನು ಮೊದಲೇ ಸೋತಂತೆ. ಅರಣ್ಯದಲ್ಲಿ ಹಸಿದು ನಿಂತು ಶೋಧಿಸಲ್ಪಟ್ಟ ಕ್ರಿಸ್ತನು ಆ ಬಲಹೀನತೆಯಲ್ಲಿಯೇ ಗೆದ್ದಿದ್ದಾನೆ. ಅವನನ್ನು ಅಂಟಿಕೊಳ್ಳುವುದೊಂದೇ ಉಪಾಯ. ಇದು ಆ ಪಾಠದ ತಾತ್ಪರ್ಯ. ಒಂದೇ ವರ್ಷದಲ್ಲಿ ಆ ಪಾಠವು ಗುರುವಿನ ಪಾಲಿಗೇ ಬಂದಿತು.

1939ರಲ್ಲಿ ಯುದ್ಧವು ಹತ್ತಿರವಾಗುತ್ತಿತ್ತು. ಆತನ ವಯಸ್ಸಿನವರಿಗೆ ಸೈನ್ಯದ ಕರೆ ಬರುವುದರಲ್ಲಿತ್ತು. ಹಿಟ್ಲರನ ಸೈನ್ಯಕ್ಕೆ ಸೇರಲು ಮನಸ್ಸೊಪ್ಪದು; ಒಲ್ಲೆನೆಂದರೆ ತಾನಲ್ಲದೆ ತನ್ನ ಸಭೆಯೂ ಅಪಾಯಕ್ಕೆ ಸಿಕ್ಕುವುದು. ಆಗ ಅಮೆರಿಕದ ಸ್ನೇಹಿತರು, ವಿಶೇಷವಾಗಿ ರೀನ್‌ಹೋಲ್ಡ್ ನೀಬೂರ್ ಎಂಬ ವಿದ್ವಾಂಸನು, ಅಲ್ಲಿ ಉದ್ಯೋಗವನ್ನು ಗೊತ್ತುಮಾಡಿ ಕರೆಯಿಸಿಕೊಂಡರು. ಜೂನ್ 12ರಂದು ಆತನು ನ್ಯೂಯಾರ್ಕನ್ನು ಮುಟ್ಟಿದನು. ಇದರಲ್ಲಿ ಪಾಪವೇನಿತ್ತು? ವಿದ್ವಾಂಸನೊಬ್ಬನು ಸುರಕ್ಷಿತವಾದ ದೇಶದಲ್ಲಿದ್ದು ಪಾಠ ಹೇಳುವುದು ಯಾವ ಧರ್ಮಕ್ಕೂ ವಿರೋಧವಲ್ಲ. ಆದರೆ ಬಹುಮಟ್ಟಿಗೆ ದೊಡ್ಡ ಶೋಧನೆಗಳು ಬರುವುದು ಹೀಗೆಯೇ. ಒಳ್ಳೆಯ ಕಾರಣಗಳನ್ನು ಜೊತೆಗೆ ಕರೆದುಕೊಂಡೇ ಬರುತ್ತವೆ. ಆತನಿಗೆ ನಿದ್ರೆ ಬಾರದಾಯಿತು. ಬಂದುದು ಕರ್ತವ್ಯಕ್ಕಾಗಿಯೋ ಭಯದಿಂದಲೋ ಎಂಬುದು ಆತನಿಗೇ ಸ್ಪಷ್ಟವಾಗಲಿಲ್ಲ.

ಆತನು ಪರಸ್ಥಳದಲ್ಲಿಯೂ ನಿತ್ಯಪಠನವನ್ನು ಬಿಟ್ಟಿರಲಿಲ್ಲ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಮಾಜದವರು 1731ರಿಂದಲೂ ದಿನಕ್ಕೊಂದು ವಚನದಂತೆ ವರ್ಷವರ್ಷವೂ ಪ್ರಕಟಿಸುತ್ತ ಬಂದಿರುವ ಪುಸ್ತಕವೊಂದುಂಟು. ಆ ದಿನಗಳ ವಚನಗಳು ಆತನನ್ನು ಒಳಗಿನಿಂದ ಕಲಕಿದುವು. ಸೆರೆಯಲ್ಲಿದ್ದ ಪೌಲನು ಶಿಷ್ಯನಾದ ತಿಮೊಥೆಯನ್ನು ಚಳಿಗಾಲಕ್ಕೆ ಮುಂಚೆ ಬರುವಂತೆ ಬೇಡಿಕೊಂಡ ಮಾತನ್ನು ಓದಿ, ಅದು ತನಗೇ ಹೇಳಿದುದೋ ಎಂಬಂತೆ ಆತನು ಅದನ್ನು ದಿನಚರಿಯಲ್ಲಿ ಬರೆದುಕೊಂಡನು. ತನ್ನ ಜನರ ಸಂಕಟದಲ್ಲಿ ಪಾಲುಗೊಳ್ಳದವನಿಗೆ ಯುದ್ಧಾನಂತರದ ಪುನರ್ನಿರ್ಮಾಣದಲ್ಲಿ ಪಾಲುಗೊಳ್ಳುವ ಹಕ್ಕಿಲ್ಲವೆಂದು ನೀಬೂರನಿಗೆ ತಿಳಿಸಿ, ಇಪ್ಪತ್ತಾರು ದಿನಗಳಲ್ಲಿಯೇ ಹಡಗನ್ನೇರಿ ಹಿಂದಿರುಗಿಬಿಟ್ಟನು. ಸ್ನೇಹಿತರಿಗೆ ಅದು ಹುಚ್ಚೆಂದು ತೋರಿತು. ಆದರೆ ನಿರ್ಧಾರವಾದ ಮೇಲೆ ಆತನ ಮನಸ್ಸು ತಿಳಿಯಾಯಿತು.

ಹಿಂದಿರುಗಿದವನ ಮುಂದಿದ್ದ ದಾರಿಯು ಸುಗಮವಾಗಿರಲಿಲ್ಲ. 1940ರಲ್ಲಿ ಸಾರ್ವಜನಿಕವಾಗಿ ಮಾತನಾಡಕೂಡದೆಂದೂ 1941ರಲ್ಲಿ ಗ್ರಂಥಗಳನ್ನು ಪ್ರಕಟಿಸಕೂಡದೆಂದೂ ಆಜ್ಞೆಯಾಯಿತು. ಸೈನ್ಯದ ಗೂಢಚಾರ ಇಲಾಖೆಯೊಳಗೇ ಹಿಟ್ಲರನನ್ನು ಕೆಡಹಲು ಗುಟ್ಟಾಗಿ ಯತ್ನಿಸುತ್ತಿದ್ದವರಲ್ಲಿ ಆತನ ಭಾವನಾದ ಹಾನ್ಸ್ ಫಾನ್ ಡೋನಾನ್ಯಿಯೂ ಒಬ್ಬನು. ಬೊನ್‌ಹೋಫರನೂ ಅವರೊಡನೆ ಸೇರಿದನು. ಒಮ್ಮೆ ಗಾಂಧಿಯವರ ಬಳಿ ಅಹಿಂಸೆಯನ್ನು ಕಲಿಯಬಯಸಿದವನು ಕೊಲೆಯ ಸಂಚಿನಲ್ಲಿ ಪಾಲುದಾರನಾದುದು ಸಾಮಾನ್ಯದ ಮಾತಲ್ಲ. ಇದು ಪುಣ್ಯಕಾರ್ಯವೆಂದು ಆತನು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳಲಿಲ್ಲ. ಕೈ ತೊಳೆದುಕೊಂಡು ದೂರ ನಿಲ್ಲುವುದೂ ದೋಷ, ಕೈಯಿಕ್ಕುವುದೂ ದೋಷ. ಎರಡನೆಯ ದೋಷವನ್ನು ಹೊತ್ತು ದೇವರ ಕ್ಷಮೆಗೆ ತನ್ನನ್ನು ಒಪ್ಪಿಸಿಕೊಳ್ಳಬೇಕೆಂಬುದೇ ಆತನ ನಿಲುವಾಯಿತು. ಇದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಿಷ್ಕಳಂಕನೆನಿಸಿಕೊಳ್ಳುವ ಆಸೆಯೂ ಒಂದು ಶೋಧನೆಯಾಗಬಹುದೆಂಬುದನ್ನು ಮಾತ್ರ ಆತನು ಕಂಡುಕೊಂಡಿದ್ದನು.

1943ನೆಯ ಏಪ್ರಿಲ್ 5ರಂದು ಆತನನ್ನು ಹಿಡಿದು ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿಟ್ಟರು. ಮರಿಯಾ ಫಾನ್ ವೆಡೆಮಾಯರ್ ಎಂಬ ಕನ್ಯೆಯೊಡನೆ ವಿವಾಹನಿಶ್ಚಯವಾಗಿ ಮೂರು ತಿಂಗಳಷ್ಟೇ ಕಳೆದಿದ್ದಿತು. ಮೊದಲ ರಾತ್ರಿ ಕೊಟ್ಟ ಕಂಬಳಿಗಳು ಚಳಿಯಿದ್ದರೂ ಹೊದೆಯಲಾರದಷ್ಟು ದುರ್ನಾತವಾಗಿದ್ದುವು. ಪಕ್ಕದ ಕೋಣೆಯಲ್ಲಿ ಯಾರೋ ಅಳುತ್ತಿದ್ದರು. ವಿಚಾರಣೆಯಲ್ಲಿ ಬಾಯಿತಪ್ಪಿ ಒಂದು ಹೆಸರು ಹೊರಬಿದ್ದರೆ ಅನೇಕರ ತಲೆ ಹೋಗುವುದೆಂಬ ಭಯವು ಬೇರೆ. ಆ ಆರಂಭದ ವಾರಗಳ ಚೀಟಿಗಳಲ್ಲಿ ಆತ್ಮಹತ್ಯೆಯ ಯೋಚನೆಯೂ ಇದೆ. ಶೋಧನೆಯನ್ನು ಕುರಿತು ಪಾಠ ಹೇಳಿದ ಗುರುವಿಗೆ ಅದು ಬಾರದೆ ಹೋಗಲಿಲ್ಲ.

ಆಗ ಆತನನ್ನು ಎತ್ತಿ ನಿಲ್ಲಿಸಿದುದು ಯಾವ ದರ್ಶನವೂ ಅಲ್ಲ, ಅಶರೀರವಾಣಿಯೂ ಅಲ್ಲ, ಹಳೆಯ ಅನುಷ್ಠಾನವೇ. ಹೊತ್ತಿಗೆ ಸರಿಯಾಗಿ ಏಳುವುದು, ವ್ಯಾಯಾಮ, ಕೀರ್ತನೆಗಳ ಪಠನ, ಓದು, ಬರಹ. ಲೂಥರನು ಹೇಳಿದ್ದಂತೆ ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯಲ್ಲಿ ಶಿಲುಬೆಯ ಗುರುತನ್ನು ಹಾಕಿಕೊಳ್ಳುವುದು ತನಗೆ ಆಸರೆಯಾಯಿತೆಂದು ಆತನು ಗೆಳೆಯನಾದ ಎಬರ್ಹಾರ್ಡ್ ಬೇಥ್ಗೆಗೆ ಬರೆದಿದ್ದಾನೆ. ಅದೇ ಗೆಳೆಯನಿಗೆ ಡಿಸೆಂಬರಿನಲ್ಲಿ ಬರೆದ ಕಾಗದದಲ್ಲಿ ಇನ್ನೊಂದು ಸತ್ಯವನ್ನೂ ಮರೆಮಾಚಲಿಲ್ಲ: ಕಂಡ ಘೋರಗಳು ರಾತ್ರಿಯೆಲ್ಲಾ ಬೆನ್ನಟ್ಟುತ್ತವೆ, ಬಾಯಿಪಾಠವಾದ ಸ್ತುತಿಪದ್ಯಗಳನ್ನು ಮತ್ತೆಮತ್ತೆ ಹೇಳಿಕೊಂಡು ಅವನ್ನು ಓಡಿಸಬೇಕಾಗುತ್ತದೆ, ಎಚ್ಚರವಾದಾಗ ಮೊದಲು ಹೊರಡುವುದು ಸ್ತೋತ್ರವಲ್ಲ, ನಿಟ್ಟುಸಿರು. ಬಾಲ್ಯದಲ್ಲಿ ಬಾಯಿಪಾಠ ಮಾಡಿಸುವುದನ್ನು ಹಳಿಯುವವರು ಈ ಕಾಗದವನ್ನು ಓದತಕ್ಕದ್ದು. ಪುಸ್ತಕವೂ ದೀಪವೂ ಇಲ್ಲದ ಕತ್ತಲೆಯಲ್ಲಿ ಮನುಷ್ಯನ ಬಳಿ ಉಳಿಯುವುದು ನಾಲಗೆಯ ಮೇಲಿರುವುದಷ್ಟೇ.

ಚಿಕ್ಕ ಶೋಧನೆಗಳೂ ಬಾರದಿರಲಿಲ್ಲ. ಬರ್ಲಿನ್ ನಗರದ ಸೇನಾಧಿಪತಿಯು ಆತನ ಬಂಧುವೆಂದು ತಿಳಿದೊಡನೆ ಕಾವಲುಗಾರರ ಮಾತಿನ ಧಾಟಿಯೇ ಬದಲಾಯಿತು. ಆಹಾರವನ್ನು ಹೆಚ್ಚಾಗಿ ಕೊಡುವುದಾಗಿಯೂ ಹೇಳಿದರು. ಅದು ಇತರ ಕೈದಿಗಳ ಪಾಲಿನಿಂದಲೇ ಬರಬೇಕಾದುದರಿಂದ ಆತನು ಬೇಡವೆಂದನು.

ಸೆರೆಮನೆಯ ಪಕ್ಕದಲ್ಲಿಯೇ ರೈಲ್ವೆಯಂತ್ರಗಳ ದೊಡ್ಡ ಕಾರ್ಖಾನೆಯಿದ್ದಿತು. ಅದನ್ನು ಗುರಿಯಾಗಿಟ್ಟು ವಿಮಾನಗಳು ಬಾಂಬುಗಳನ್ನು ಸುರಿಸುತ್ತಿದ್ದುವು. 1944ನೆಯ ಜನವರಿಯ ಒಂದು ರಾತ್ರಿ ಎಲ್ಲರೂ ನೆಲಕ್ಕೆ ಒರಗಿ ಮಲಗಿದ್ದಾಗ, ಪಕ್ಕದಲ್ಲಿದ್ದವನೊಬ್ಬನು ದೇವರೇ ದೇವರೇ ಎಂದು ಕೂಗಿಕೊಂಡನು. ಎಂದೂ ದೇವರ ಗೊಡವೆಗೆ ಹೋಗದ ಮನುಷ್ಯನವನು. ಸುವಾರ್ತೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಮಯವುಂಟೆ ಎಂದು ಮತ್ತೊಬ್ಬ ಬೋಧಕನು ಎಣಿಸುತ್ತಿದ್ದನೇನೋ. ಬೊನ್‌ಹೋಫರನು ಗಡಿಯಾರವನ್ನು ನೋಡಿ, ಇನ್ನು ಹತ್ತು ನಿಮಿಷಕ್ಕಿಂತ ಹೆಚ್ಚಾಗಿ ಇದು ನಡೆಯದೆಂದಷ್ಟೇ ಹೇಳಿದನು. ಹೆದರಿದವನ ಭಯವನ್ನು ಮತಕ್ಕಾಗಿ ಬಳಸಿಕೊಳ್ಳುವುದು ಆತನಿಗೆ ಅಧರ್ಮವೆಂದು ತೋರಿತು. ಭಯದಿಂದ ಹುಟ್ಟಿದ ಭಕ್ತಿಯು ಭಯದೊಡನೆಯೇ ಹೋಗುವುದೆಂದು ಬಲ್ಲವನು ಹೀಗೆ ನಡೆದುಕೊಂಡಾನು. ತಾನು ದೇವರನ್ನು ನಂಬಿದವನೆಂಬುದನ್ನು ಆ ರಾತ್ರಿ ಆತನು ತೋರಿಸಿದುದು ಆ ಸಾಮಾನ್ಯವಾದ ಮಾತಿನಿಂದಲೇ.

1944ನೆಯ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಯತ್ನವು ವಿಫಲವಾಯಿತು. ತನ್ನ ಗತಿಯೇನೆಂಬುದು ಬೊನ್‌ಹೋಫರನಿಗೆ ತಿಳಿಯಿತು. ಅದೇ ತಿಂಗಳು ಬರೆದ ಒಂದು ಪದ್ಯದಲ್ಲಿ ಆತನು ತಾನು ಯಾರೆಂದು ಕೇಳಿಕೊಂಡಿದ್ದಾನೆ. ಹೊರಗಿನವರು ಕಾಣುವ ಧೀರನೇ ತಾನೋ, ತಾನು ಒಳಗೆ ಬಲ್ಲ ದುರ್ಬಲನೇ ತಾನೋ ಎಂಬ ಪ್ರಶ್ನೆಯನ್ನೆತ್ತಿ, ಉತ್ತರ ಹೇಳದೆ ಅದನ್ನು ದೇವರಿಗೆ ಒಪ್ಪಿಸಿಬಿಡುತ್ತಾನೆ. ಬಳಿಕ ಕೊನೆಯ ಶೋಧನೆಯು ಬಂದಿತು. ಒಬ್ಬ ಕಾವಲುಗಾರನು ತಾನೂ ಜೊತೆಗೆ ಓಡಿಬರುವೆನೆಂದು ಒಪ್ಪಿದನು. ಮನೆಯವರು ಯಂತ್ರಕೆಲಸದವನ ಉಡುಪನ್ನೂ ಹಣವನ್ನೂ ಸೆಪ್ಟೆಂಬರಿನಲ್ಲಿ ತಂದುಕೊಟ್ಟರು. ಬಾಗಿಲು ಅರ್ಧ ತೆರೆದಂತೆಯೇ ಆಯಿತು. ಅಷ್ಟರಲ್ಲಿ ಅಣ್ಣನಾದ ಕ್ಲೌಸನನ್ನು ಹಿಡಿದರು. ತಾನು ಓಡಿದರೆ ಅಣ್ಣನಿಗೂ ಮನೆಯವರಿಗೂ ವಿಪತ್ತು ಹೆಚ್ಚುವುದೆಂದು ಆತನು ಆ ಯೋಚನೆಯನ್ನು ಕೈಬಿಟ್ಟನು. ಅಕ್ಟೋಬರಿನಲ್ಲಿ ರಹಸ್ಯ ಪೋಲೀಸಿನವರ ನೆಲಮಾಳಿಗೆಗೆ ಒಯ್ದರು. ಅಲ್ಲಿಂದ ಮುಂದೆ ಕಾಗದಗಳೂ ವಿರಳವಾದುವು.

1945ನೆಯ ಏಪ್ರಿಲ್ 8ನೆಯ ಭಾನುವಾರ, ಷೋನ್‌ಬರ್ಗ್ ಎಂಬ ಹಳ್ಳಿಯ ಶಾಲೆಯೊಂದರಲ್ಲಿ ಕೂಡಿಹಾಕಿದ್ದ ಜೊತೆಕೈದಿಗಳು ಆರಾಧನೆಯನ್ನು ನಡೆಸೆಂದು ಆತನನ್ನು ಕೇಳಿಕೊಂಡರು. ಅವರಲ್ಲಿ ಬೇರೆ ಸಂಪ್ರದಾಯದವರೂ ದೇವರನ್ನೊಪ್ಪದ ಒಬ್ಬ ರಷ್ಯನನೂ ಇದ್ದುದರಿಂದ ಆತನು ಹಿಂಜರಿದನು. ಆ ರಷ್ಯನನೇ ಒಪ್ಪಿದ ಮೇಲೆ ಪ್ರಾರ್ಥನೆಯನ್ನು ನಡೆಸಿದನು. ಮುಗಿಯುತ್ತಿದ್ದಂತೆಯೇ ಇಬ್ಬರು ಬಂದು ಆತನನ್ನು ಕರೆದೊಯ್ದರು. ಮರುದಿನ ಮುಂಜಾನೆ ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಆಗ ಆತನಿಗೆ ಮೂವತ್ತೊಂಬತ್ತು ವರ್ಷ. ಎರಡು ವಾರಗಳೊಳಗಾಗಿ ಅಮೆರಿಕದ ಸೈನ್ಯವು ಆ ಶಿಬಿರವನ್ನು ತಲಪಿತು. ಅದೇ ತಿಂಗಳಲ್ಲಿ ಅಣ್ಣನನ್ನೂ ಇಬ್ಬರು ಭಾವಂದಿರನ್ನೂ ಕೊಂದಿದ್ದರು. ಮಗನಿಗಾಗಿ ಲಂಡನ್ನಿನಲ್ಲಿ ನಡೆದ ಸ್ಮರಣಾರಾಧನೆಯನ್ನು ಜುಲೈ 27ರಂದು ರೇಡಿಯೋದಲ್ಲಿ ಕೇಳಿ ತಂದೆತಾಯಿಗಳು ಆತನ ಮರಣವನ್ನು ನಿಶ್ಚಯಮಾಡಿಕೊಂಡರು.

ಆತನು ಮೊಣಕಾಲೂರಿ ಪ್ರಾರ್ಥಿಸಿ ಶಾಂತವಾಗಿ ಗಲ್ಲನ್ನೇರಿದನೆಂದೂ ಕ್ಷಣಗಳಲ್ಲಿ ಪ್ರಾಣ ಹೋಯಿತೆಂದೂ ಶಿಬಿರದ ವೈದ್ಯನು ಹತ್ತು ವರ್ಷಗಳ ಮೇಲೆ ಬರೆದನು. ಆ ಬರಹವು ಬಹುಪ್ರಸಿದ್ಧವಾಯಿತು. ಆದರೆ ತನ್ನ ತಪ್ಪನ್ನು ಹಗುರಮಾಡಿಕೊಳ್ಳಲು ಆ ವೈದ್ಯನು ಹೀಗೆ ಬರೆದಿರಬೇಕೆಂದು ಚರಿತ್ರಕಾರರು ಸಂಶಯಪಡುತ್ತಾರೆ. ಆ ಚಿತ್ರವನ್ನು ಕಳೆದುಕೊಂಡರೆ ನಷ್ಟವೇನೂ ಇಲ್ಲ. ಗಲ್ಲಿನ ಕೆಳಗೆ ಆತನ ಮೈ ನಡುಗಿರಬಹುದು. ಗೆತ್ಸೇಮನೆಯ ತೋಟದಲ್ಲಿ ಕ್ರಿಸ್ತನೂ ವ್ಯಾಕುಲಗೊಂಡನೆಂದು ಸುವಾರ್ತೆಗಳೇ ಹೇಳುತ್ತವೆ. ನಡುಗದವನೇ ಭಕ್ತನೆಂದು ಕ್ರೈಸ್ತಶ್ರದ್ಧೆಯು ಎಲ್ಲಿಯೂ ಹೇಳಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ದೇವರನ್ನು ನಂಬದೆಯೂ ಧೈರ್ಯದಿಂದ ಸತ್ತವರಿಲ್ಲವೆ? ಇದ್ದಾರೆ. ಆ ಸಂಚಿನಲ್ಲಿಯೇ ಇದ್ದರು. ಇದನ್ನು ಎಲ್ಲರಿಗಿಂತಲೂ ಚೆನ್ನಾಗಿ ಬಲ್ಲವನು ಬೊನ್‌ಹೋಫರನೇ. ಮತದ ಮಾತನ್ನಾಡುವವರಿಗಿಂತ ಮತವಿಲ್ಲದವರ ಬಳಿಯಲ್ಲಿಯೇ ತನಗೆ ಹೆಚ್ಚು ಸಲಿಗೆಯೆಂದು ಆತನು ಸೆರೆಯಿಂದ ಬರೆದಿದ್ದಾನೆ. ಆದುದರಿಂದ ಧೈರ್ಯವು ಕ್ರೈಸ್ತರ ಸ್ವತ್ತೆಂದು ಹೇಳಲು ಆತನ ಜೀವಿತವು ಆಧಾರವಾಗುವುದಿಲ್ಲ. ಅದರಿಂದ ಸಿದ್ಧವಾಗುವುದು ಬೇರೊಂದು. ಸ್ವಭಾವತಃ ಅಂಜುವ, ತನ್ನ ಅಂಜಿಕೆಯನ್ನು ತಾನೇ ಬಲ್ಲ ಮನುಷ್ಯನೊಬ್ಬನು ಆ ಶ್ರದ್ಧೆಯನ್ನು ನೆಚ್ಚಿ ಅಂಜಿಕೆಗೆ ವಿಧೇಯನಾಗದೆ ಬಾಳಿದನು.

ಶ್ರದ್ಧೆಯು ಆತನಿಗೆ ಕೊಟ್ಟುದು ಕಲ್ಲಿನಂತಹ ಎದೆಯನ್ನಲ್ಲ. ಭಯವು ಬಂದಾಗ ಹೋಗಿ ನಿಲ್ಲುವ ಒಂದು ಸ್ಥಳವನ್ನು ಕೊಟ್ಟಿತು. ಬುದ್ಧಿಯು ಶತ್ರುವಿನ ವಕೀಲನಾದಾಗ ಕೇಳಿಸುವ ಇನ್ನೊಂದು ದನಿಯನ್ನು ಕೊಟ್ಟಿತು. ಪಕ್ಕದ ಕೋಣೆಯಲ್ಲಿ ಅಳುವವನ ನೆನಪನ್ನು ಬಿಡಗೊಡಲಿಲ್ಲ. ಆ ಸ್ಥಳವನ್ನು ಆತನು ಆಪತ್ತು ಬಂದ ದಿನ ಹುಡುಕಿಕೊಂಡುದಲ್ಲ. ಏನೂ ಆಪತ್ತಿಲ್ಲದ ದಿನಗಳಲ್ಲಿ, ಮನಸ್ಸು ಅಲೆಯುತ್ತಿದ್ದ ಬೇಸರದ ಮುಂಜಾನೆಗಳಲ್ಲಿ, ಅರ್ಧಗಂಟೆ ಅರ್ಧಗಂಟೆಯಾಗಿ ಅದನ್ನು ಕಟ್ಟಿಕೊಂಡಿದ್ದನು. ಯಾವ ಮತದ ಮನೆಯಲ್ಲಿಯಾದರೂ ಸಂಜೆಯ ದೀಪದ ಮುಂದೆ ಕುಳಿತು ಮಕ್ಕಳಿಗೆ ನಾಲ್ಕು ಪದ್ಯಗಳನ್ನು ಬಾಯಿಪಾಠ ಮಾಡಿಸುವ ಹಿರಿಯರು ತಾವು ಏನನ್ನು ಕೊಡುತ್ತಿರುವೆವೆಂಬುದನ್ನು ತಿಳಿಯದೆ ಇರಬಹುದು. ಮಕ್ಕಳಂತೂ ತಿಳಿಯರು. ಅದರ ಬೆಲೆಯು ಗೊತ್ತಾಗುವ ರಾತ್ರಿಯು ಯಾರಿಗೂ ಬಾರದಿರಲಿ. ಬಂದರೆ, ನಾಲಗೆಯು ಬರಿದಾಗಿರದಿರಲಿ.